ತಾಳೆಯಾದರೆ ಸಾಲದು

ಈ ವಾರ ಮೊದಲಿಗೆ ಒಂದು ತಪ್ಪೊಪ್ಪಿಗೆ.

ನಾಲ್ಕು ವಾರದ ಕೆಳಗೆ ಇದೇ ಪುಟದಲ್ಲಿ ಟೆಲ್ಲೂರಿಯಂ ಎಂಬ ಮೂಲವಸ್ತುವಿನ ಬಗ್ಗೆ ಬರೆದಿದ್ದೆ. ಅದರ ಅತಿ ಸಣ್ಣ ಪ್ರಮಾಣ ಮೈಗೆ ಸೇರಿದರೂ ಸಾಕು, ಉಸಿರು ದಿನಗಟ್ಟಲೆ ಬೆಳ್ಳುಳ್ಳಿಯಂತೆ ನಾರುತ್ತದೆ ಎಂಬ ಸಂಗತಿ ನಿಮಗೆಲ್ಲ ಬಹಳ ಹಿಡಿಸಿತೆಂದು ಬಂದ ಕಾಗದಗಳಿಂದಲೇ ಗೊತ್ತಾಯಿತು. ಆದರೆ ಆ ಲೇಖನದ ಕೊನೆಯಲ್ಲಿ, ಜಾಗ ಮುಗಿಯುತ್ತ ಬಂದ ಅವಸರದಲ್ಲಿ, ಒಂದು ಮಾತು ಸೇರಿಸಿದ್ದೆ: "ಟೆಲ್ಲೂರೈಟ್, ಪ್ಯಾರಾಟೆಲ್ಲೂರೈಟ್ ಎಂಬ ಎರಡು ಖನಿಜಗಳಿವೆ. ಎರಡರ ಸೂತ್ರವೂ ಒಂದೇ. ಒಂದು ಟೆಲ್ಲೂರಿಯಂಗೆ ಎರಡು ಆಕ್ಸಿಜನ್. ಹಾಗಾಗಿ ಎರಡೂ ಒಂದೇ ವಸ್ತು, ಹೆಸರು ಮಾತ್ರ ಬೇರೆ."

ಕಳೆದ ಸೋಮವಾರ ಒಂದು ಕಾರ್ಡು ಬಂತು. ಬರೆದವಳು ಒಂಬತ್ತನೇ ತರಗತಿಯ ಹುಡುಗಿ. ಅಕ್ಷರ ಮುತ್ತಿನ ಹಾಗಿದೆ, ಮಾತು ಮಾತ್ರ ನೇರ. "ತಾತ, ವಜ್ರವೂ ಇಂಗಾಲ, ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ಇಂಗಾಲ ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಸೂತ್ರ ಒಂದೇ ಆದರೆ ವಸ್ತುವೂ ಒಂದೇ ಅನ್ನುವುದಾದರೆ ನಮ್ಮಮ್ಮನ ಮೂಗುಬೊಟ್ಟಿಗೆ ಪೆನ್ಸಿಲ್ ಕಡ್ಡಿಯನ್ನೇ ಕೂರಿಸಬಹುದಿತ್ತು. ನೀವು ಬರೆದಿದ್ದು ಸರಿಯಾ?"

ಸರಿಯಲ್ಲ ಪುಟ್ಟಿ. ಪೂರ್ತಿ ತಪ್ಪು.

ನಾನು ಓದಿದ್ದು ಬಿ.ಕಾಂ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ರಸಾಯನಶಾಸ್ತ್ರ ನನಗೆ ನಿವೃತ್ತಿಯ ನಂತರ ಅಂಟಿದ ಚಟ. ಆದರೆ ಈ ತಪ್ಪಿಗೆ ಬಿ.ಕಾಂ. ನೆಪ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಏಕೆಂದರೆ ಇದು ರಸಾಯನದ ತಪ್ಪಲ್ಲ, ಲೆಕ್ಕದ ತಪ್ಪು. ಲೆಕ್ಕದಲ್ಲಿ ಇಂಥದೇ ತಪ್ಪನ್ನು ನಾನು ಹಿಂದೆ ಒಂದು ಸಲ ಮಾಡಿದ್ದೆ. ಅದನ್ನು ಕೊನೆಗೆ ಹೇಳುತ್ತೇನೆ. ಮೊದಲು ಕಲ್ಲಿನ ವಿಷಯ.

ಟೆಲ್ಲೂರಿಯಂ ಸಿಕ್ಕಿದ್ದು ಚಿನ್ನದ ಗಣಿಯ ಅದಿರಿನಲ್ಲಿ. 1782ರಲ್ಲಿ, ಇಂದು ರೊಮೇನಿಯಾಕ್ಕೆ ಸೇರಿರುವ ಟ್ರಾನ್ಸಿಲ್ವೇನಿಯಾದಲ್ಲಿ, ಮುಲ್ಲರ್ ಎಂಬ ಗಣಿ ಅಧಿಕಾರಿ ಒಂದು ಅದಿರನ್ನು ಪರೀಕ್ಷಿಸಿ, ಇದರಲ್ಲಿ ಯಾರಿಗೂ ಗೊತ್ತಿರದ ಲೋಹವೊಂದಿದೆ ಎಂದ. ಹದಿನಾರು ವರ್ಷದ ನಂತರ, 1798ರಲ್ಲಿ, ಕ್ಲಾಪ್ರೋಥ್ ಎಂಬ ಜರ್ಮನ್ ರಸಾಯನಜ್ಞ ಅದಕ್ಕೆ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಟೆಲ್ಲಸ್ ಎಂದರೆ ಭೂಮಿ. ಹೆಸರೇನೋ ಭೂಮಿಯದು, ಆದರೆ ಭೂಮಿಯ ಹೊರಪದರದಲ್ಲಿ ಅದು ಹೆಚ್ಚುಕಡಿಮೆ ಚಿನ್ನದಷ್ಟೇ ಅಪರೂಪ.

ಟೆಲ್ಲೂರಿಯಂ ಇರುವ ಅದಿರು ಗಾಳಿ ನೀರಿಗೆ ಸಿಕ್ಕಾಗ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ, ಆಕ್ಸಿಜನ್ ಜೊತೆ ಸೇರಿ ಹೊಸ ಖನಿಜಗಳಾಗುತ್ತವೆ. ಟೆಲ್ಲೂರೈಟ್ ಅವುಗಳಲ್ಲಿ ಒಂದು. ಹುಲ್ಲಿನ ಹಳದಿ ಬಣ್ಣ, ಉಗುರಿನಿಂದ ಗೀರಿದರೆ ಗೆರೆ ಬೀಳುವಷ್ಟು ಮೆತ್ತಗೆ, ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವ ಗುಣ. ಪ್ಯಾರಾಟೆಲ್ಲೂರೈಟ್ ಮೆಕ್ಸಿಕೋ ದೇಶದ ಸೊನೋರಾ ಪ್ರಾಂತದ ಕನನೇಆ ಎಂಬ ಗಣಿಪಟ್ಟಣದ್ದು. ಅದನ್ನು ಬೇರೆ ಖನಿಜವೆಂದು ಗುರುತಿಸಿ ಪ್ರಕಟಿಸಿದ್ದು 1960ರಲ್ಲಿ. ಬೂದು ಬಿಳುಪು ಬಣ್ಣ. "ಪ್ಯಾರಾ" ಎಂದರೆ ಗ್ರೀಕ್ ಭಾಷೆಯಲ್ಲಿ ಪಕ್ಕದ್ದು. ಟೆಲ್ಲೂರೈಟಿನ ಪಕ್ಕದ ಮನೆಯವನು ಅಂದುಕೊಳ್ಳಿ.

ಸೂತ್ರ ಒಂದೇ, ಕಲ್ಲು ಎರಡು. ಹೇಗೆ?

ಪರಮಾಣುಗಳ ನಡುವಿನ ಬಂಧವನ್ನು ನಾನು ಯಾವಾಗಲೂ ಜಂಟಿ ಖಾತೆ ಎಂದೇ ಅರ್ಥ ಮಾಡಿಕೊಳ್ಳುವುದು. ಇಬ್ಬರು ಸೇರಿ ಎಲೆಕ್ಟ್ರಾನು ಹಾಕುತ್ತಾರೆ, ಇಬ್ಬರೂ ಅನುಭವಿಸುತ್ತಾರೆ. ಟೆಲ್ಲೂರಿಯಂನ ಹೊರಕವಚದಲ್ಲಿ ಆರು ಎಲೆಕ್ಟ್ರಾನುಗಳಿವೆ. ಈ ಎರಡು ಖನಿಜಗಳಲ್ಲಿ ಅದು ನಾಲ್ಕನ್ನು ವ್ಯವಹಾರಕ್ಕೆ ತೊಡಗಿಸುತ್ತದೆ, ಎರಡನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ. ಆಕ್ಸಿಜನ್ನಿಗೆ ಬೇಕಾಗಿರುವುದು ಎರಡು. ಒಂದು ಟೆಲ್ಲೂರಿಯಂ ನಾಲ್ಕು ಕೊಡುತ್ತದೆ, ಎರಡು ಆಕ್ಸಿಜನ್‌ಗಳು ಎರಡೆರಡರಂತೆ ನಾಲ್ಕು ಪಡೆಯುತ್ತವೆ. ಕೊಟ್ಟಿದ್ದು ನಾಲ್ಕು, ಪಡೆದದ್ದು ನಾಲ್ಕು. ಲೆಕ್ಕ ತಾಳೆ.

ನಾನು ಅಷ್ಟಕ್ಕೇ ಪುಸ್ತಕ ಮುಚ್ಚಿದ್ದೆ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂದು ಒಳಗಿನ ಹಾಳೆ ತೆರೆದು ನೋಡಲೇ ಇಲ್ಲ.

ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಚುರುಕ್ಕೆನ್ನುವ ವಾಸನೆ ಬರುತ್ತದಲ್ಲ, ಅದು ಗಂಧಕದ ಡೈಆಕ್ಸೈಡ್. ಗಂಧಕ, ಸೆಲೀನಿಯಂ, ಟೆಲ್ಲೂರಿಯಂ ಮೂರೂ ಒಂದೇ ವಂಶ. ಆವರ್ತ ಕೋಷ್ಟಕದಲ್ಲಿ ಒಂದರ ಕೆಳಗೊಂದು ಕೂತಿವೆ. ಮೂರರ ಡೈಆಕ್ಸೈಡುಗಳೂ ಕಾಗದದ ಮೇಲೆ ಒಂದೇ ಥರ. ಆದರೆ ಗಂಧಕದ್ದು ಅನಿಲ. ಒಂದು ಗಂಧಕ, ಎರಡು ಆಕ್ಸಿಜನ್ ಸೇರಿ ಒಂದು ಪುಟ್ಟ ಪೊಟ್ಟಣ, ಅಂಥ ಪೊಟ್ಟಣಗಳು ಬಿಡಿಬಿಡಿಯಾಗಿ ಹಾರಾಡುತ್ತವೆ. ಸೆಲೀನಿಯಂನದು ಬಿಳಿ ಘನವಸ್ತು. ಅದರಲ್ಲಿ ಪರಮಾಣುಗಳು ಉದ್ದುದ್ದ ಸರಪಳಿಯಾಗಿ ಕೈಹಿಡಿದಿವೆ. ಟೆಲ್ಲೂರಿಯಂಗೆ ಬಂದರೆ ಸರಪಳಿಯೂ ಸಾಲದು. ಅದು ದಪ್ಪ ಪರಮಾಣು. ಎರಡೇ ಆಕ್ಸಿಜನ್ನನ್ನು ಬಿಗಿಯಾಗಿ ತಬ್ಬಿಕೊಂಡು ಗಂಧಕದ ಹಾಗೆ ಪೊಟ್ಟಣವಾಗಿ ಕೂರುವುದು ಅದಕ್ಕೆ ಒಗ್ಗುವುದಿಲ್ಲ. ಸುತ್ತಲೂ ಜಾಗವಿದೆ, ಹಾಗಾಗಿ ನಾಲ್ಕು ಆಕ್ಸಿಜನ್‌ಗಳನ್ನು ಹತ್ತಿರ ಕರೆದುಕೊಳ್ಳುತ್ತದೆ.

"ನಾಲ್ಕೇ? ಸೂತ್ರದಲ್ಲಿ ಎರಡು ತಾನೇ ಇರುವುದು?" ಎಂದು ಕೇಳುತ್ತೀರಿ. ಒಂದು ಮನೆಯ ಗೋಡೆ ಪಕ್ಕದ ಮನೆಯ ಗೋಡೆಯೂ ಆಗಿರುವ ವಠಾರವನ್ನು ನೆನೆಸಿಕೊಳ್ಳಿ. ಪ್ರತಿ ಆಕ್ಸಿಜನ್ನೂ ಎರಡು ಟೆಲ್ಲೂರಿಯಂಗಳಿಗೆ ಸೇರಿದ್ದು. ನಾಲ್ಕರ ಅರ್ಧ ಎರಡು. ಸೂತ್ರಕ್ಕೆ ಮೋಸವಿಲ್ಲ.

ಇನ್ನು ಟೆಲ್ಲೂರಿಯಂ ತನ್ನ ಹತ್ತಿರವೇ ಇಟ್ಟುಕೊಂಡ ಆ ಎರಡು ಎಲೆಕ್ಟ್ರಾನುಗಳ ಕತೆ. ಇದಕ್ಕೆ "ಒಂಟಿ ಜೋಡಿ" ಎನ್ನುತ್ತಾರೆ. ಒಂಟಿಯೂ ಹೌದು, ಜೋಡಿಯೂ ಹೌದು! ಅವೆರಡು ಯಾರ ಜೊತೆಗೂ ಸೇರಿಲ್ಲ, ಸೂತ್ರದಲ್ಲಿ ಅವುಗಳ ಸುಳಿವೇ ಇಲ್ಲ. ಹಾಗೆಂದು ಅವು ಸುಮ್ಮನೆ ಮೂಲೆ ಹಿಡಿದಿವೆ ಎಂದುಕೊಳ್ಳಬೇಡಿ. ಬಸ್ಸಿನ ಮೂವರ ಸೀಟಿನಲ್ಲಿ ಯಾರೋ ಒಂದು ಹಲಸಿನಹಣ್ಣು ಇಟ್ಟುಬಿಟ್ಟರೆ ಏನಾಗುತ್ತದೆ? ಹಣ್ಣಿಗೆ ಟಿಕೆಟ್ ಇಲ್ಲ, ಕಂಡಕ್ಟರ್ ತಲೆ ಎಣಿಸುವಾಗ ಅದು ಲೆಕ್ಕಕ್ಕಿಲ್ಲ. ಆದರೆ ಉಳಿದವರು ಮುದುರಿ ಕೂರಲೇಬೇಕು. ಒಂಟಿ ಜೋಡಿ ಅಂಥ ಹಲಸಿನಹಣ್ಣು.

ಇದನ್ನು ಮಾಡಿ ನೋಡೋಣ. ಉಪ್ಪಿನಕಾಯಿಗೆಂದು ತಂದಿಟ್ಟ ನಿಂಬೆಹಣ್ಣುಗಳಲ್ಲಿ ಕೆಲವನ್ನು ನಾನು ಎತ್ತಿಕೊಂಡೆ. ನನ್ನಾಕೆ ಇನ್ನೂ ಲೆಕ್ಕ ಕೇಳುತ್ತಿದ್ದಾಳೆ. ನೀವು ಅಮ್ಮನನ್ನು ಕೇಳಿಯೇ ತೆಗೆದುಕೊಳ್ಳಿ. ರಾತ್ರಿ ನೆನೆಸಿದ ಕಡಲೆಕಾಳು ಒಂದು ಹಿಡಿ, ತೆಂಗಿನ ಕಡ್ಡಿ ನಾಲ್ಕಾರು, ಒಂದು ಸಣ್ಣ ಬಲೂನು ಬೇಕು. ನಿಂಬೆ ಟೆಲ್ಲೂರಿಯಂ, ಕಡಲೆ ಆಕ್ಸಿಜನ್, ಬಲೂನು ಒಂಟಿ ಜೋಡಿ.

ನಿಂಬೆಯ ಹಿಂಭಾಗಕ್ಕೆ ಊದಿದ ಬಲೂನನ್ನು ಕಟ್ಟಿ. ಮುಂಭಾಗದಲ್ಲಿ ಎರಡು ಗಿಡ್ಡ ಕಡ್ಡಿಗಳನ್ನು ಬಾಣದ ಮೊನೆಯನ್ನು ತೆರೆದಿಟ್ಟ ಹಾಗೆ ಚುಚ್ಚಿ. ಮೇಲಕ್ಕೊಂದು, ಕೆಳಕ್ಕೊಂದು ಸ್ವಲ್ಪ ಉದ್ದದ ಕಡ್ಡಿ ಚುಚ್ಚಿ. ನಾಲ್ಕೂ ತುದಿಗೆ ಒಂದೊಂದು ಕಡಲೆ. ಬಲೂನು ಇಲ್ಲದೆ ಅದರ ಜಾಗದಲ್ಲೂ ಒಂದು ಕಡಲೆ ಇದ್ದಿದ್ದರೆ ಮೇಲಿನ ಮತ್ತು ಕೆಳಗಿನ ಕಡ್ಡಿಗಳು ನೆಟ್ಟಗೆ ಒಂದೇ ಸಾಲಿನಲ್ಲಿ, 180 ಡಿಗ್ರಿಯಲ್ಲಿ ನಿಲ್ಲುತ್ತಿದ್ದವು. ಮುಂದಿನ ಎರಡರ ನಡುವೆ 120 ಡಿಗ್ರಿ ಇರುತ್ತಿತ್ತು. ಬಲೂನು ಹಿಂದಿನಿಂದ ತಳ್ಳುತ್ತದೆ. ಹಾಗಾಗಿ ಪ್ಯಾರಾಟೆಲ್ಲೂರೈಟಿನಲ್ಲಿ ಮೇಲಿನವೂ ಕೆಳಗಿನವೂ ಮುಂದಕ್ಕೆ ಬಾಗಿ ಸುಮಾರು 168 ಡಿಗ್ರಿ ಆಗಿದೆ. ಮುಂದಿನವೆರಡು ಹತ್ತಿರ ಸರಿದು ಸುಮಾರು 103 ಡಿಗ್ರಿ ಆಗಿದೆ. ಮಕ್ಕಳ ಪಾರ್ಕಿನ ಏರುಪೇರು ಹಲಗೆಯನ್ನು ಪಕ್ಕಕ್ಕೆ ನಿಲ್ಲಿಸಿದ ಹಾಗೆ ಕಾಣುತ್ತದೆ.

ಕಡ್ಡಿಗಳ ಉದ್ದ ಎಷ್ಟಿರಬೇಕು? ಪರಮಾಣುಗಳ ದೂರವನ್ನು ಆಂಗ್‌ಸ್ಟ್ರಾಂ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲು. ಪ್ಯಾರಾಟೆಲ್ಲೂರೈಟಿನಲ್ಲಿ ಗಿಡ್ಡ ಬಂಧ ಸುಮಾರು 1.88 ಆಂಗ್‌ಸ್ಟ್ರಾಂ, ಉದ್ದ ಬಂಧ ಸುಮಾರು 2.12. ಒಂದು ಆಂಗ್‌ಸ್ಟ್ರಾಂಗೆ 5 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ನಿಂಬೆಯ ನಡುವಿನಿಂದ ಕಡಲೆಯ ನಡುವಿಗೆ ಗಿಡ್ಡ ಕಡ್ಡಿ 9.4, ಉದ್ದ ಕಡ್ಡಿ 10.6 ಸೆಂಟಿಮೀಟರ್. ಬಹಳ ವ್ಯತ್ಯಾಸವೇನಿಲ್ಲ ಅನ್ನಿಸುತ್ತದೆ ಅಲ್ಲವೇ? ಆದರೆ ಲೆಕ್ಕದಲ್ಲಿ ಅದು ದೊಡ್ಡ ವ್ಯತ್ಯಾಸ.

ಇಲ್ಲಿಗೆ ನನ್ನಂಥ ಗುಮಾಸ್ತನಿಗೆ ರೋಮಾಂಚನವಾಗುವ ಜಾಗ ಬಂತು. 1929ರಲ್ಲಿ ಲೈನಸ್ ಪೌಲಿಂಗ್ ಎಂಬ ಅಮೆರಿಕದ ವಿಜ್ಞಾನಿ ಹರಳುಗಳಿಗೆ ಕೆಲವು ನಿಯಮಗಳನ್ನು ಹೇಳಿದ. ಅದರಲ್ಲಿ ಒಂದರ ಸಾರ ಇಷ್ಟು: ಪ್ರತಿ ಪರಮಾಣುವಿನ ಖಾತೆಯೂ ಅದರ ನೆರೆಹೊರೆಯಲ್ಲೇ ತಾಳೆಯಾಗಬೇಕು. ಇಡೀ ಕಲ್ಲಿನ ಒಟ್ಟು ಮೊತ್ತ ಸರಿಯಿದೆ ಎಂದರೆ ಸಾಲದು, ಪ್ರತಿಯೊಬ್ಬರ ಪುಟವೂ ಸರಿಯಿರಬೇಕು. ಮುಂದೆ ಬಂದವರು ಬಂಧದ ಉದ್ದವನ್ನು ನೋಡಿ ಅದರ ಮೌಲ್ಯ ಹೇಳುವುದನ್ನೂ ಕಂಡುಕೊಂಡರು. ಹತ್ತಿರ ನಿಂತವನಿಗೆ ಹೆಚ್ಚು, ದೂರ ನಿಂತವನಿಗೆ ಕಡಿಮೆ.

ಪ್ಯಾರಾಟೆಲ್ಲೂರೈಟಿನಲ್ಲಿ ಗಿಡ್ಡ ಬಂಧದ ಮೌಲ್ಯ ಸುಮಾರು 1.3, ಉದ್ದ ಬಂಧದ್ದು ಸುಮಾರು 0.7. ಈಗ ಪುಟ ತೆರೆಯಿರಿ. ಟೆಲ್ಲೂರಿಯಂ ಕೊಟ್ಟಿದ್ದು: 1.3, 1.3, 0.7, 0.7. ಒಟ್ಟು 4. ಆಕ್ಸಿಜನ್ ಪಡೆದದ್ದು? ಇಲ್ಲಿದೆ ಸ್ವಾರಸ್ಯ. ಪ್ರತಿ ಆಕ್ಸಿಜನ್ನೂ ಒಂದು ಟೆಲ್ಲೂರಿಯಂಗೆ ಗಿಡ್ಡ ಕಡ್ಡಿಯ ತುದಿಯಾಗಿರುತ್ತದೆ, ಇನ್ನೊಂದಕ್ಕೆ ಉದ್ದ ಕಡ್ಡಿಯ ತುದಿಯಾಗಿರುತ್ತದೆ. ಒಬ್ಬರಿಂದ 1.3, ಇನ್ನೊಬ್ಬರಿಂದ 0.7. ಒಟ್ಟು 2. ಎಲ್ಲ ಆಕ್ಸಿಜನ್‌ಗಳಿಗೂ ಹೀಗೆಯೇ, ಒಂದಕ್ಕೂ ಅನ್ಯಾಯವಿಲ್ಲ. ಒಬ್ಬನಿಂದ ಕಡಿಮೆ ಬಂದದ್ದನ್ನು ಇನ್ನೊಬ್ಬ ತುಂಬಿಕೊಡುತ್ತಾನೆ. ನನ್ನ ಸರ್ವಿಸಿನಲ್ಲಿ ಇಷ್ಟು ಚೊಕ್ಕಟವಾದ ಲೆಡ್ಜರನ್ನು ನಾನು ಕಂಡಿಲ್ಲ.

ಇಂಥ ನಿಂಬೆಗಳನ್ನು ಕಡಲೆಯ ಮೂಲಕ ಒಂದಕ್ಕೊಂದು ಜೋಡಿಸುತ್ತ ಹೋದರೆ ಎಡ, ಬಲ, ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆಗೂ ಬೆಳೆಯುವ ಬಲೆ ಆಗುತ್ತದೆ. ಅದೂ ಸುರುಳಿ ಮೆಟ್ಟಿಲಿನ ಹಾಗೆ ತಿರುಗುತ್ತ ಮೇಲೇರುತ್ತದೆ. ಒಂದೊಂದು ಮೆಟ್ಟಿಲಿಗೂ ಕಾಲು ಸುತ್ತು, ನಾಲ್ಕು ಮೆಟ್ಟಿಲಿಗೆ ಒಂದು ಸುತ್ತು. ಸುರುಳಿ ಬಲಕ್ಕೂ ತಿರುಗಬಹುದು, ಎಡಕ್ಕೂ ತಿರುಗಬಹುದು. ಹಾಗಾಗಿ ಪ್ಯಾರಾಟೆಲ್ಲೂರೈಟಿನಲ್ಲೇ ಎಡಗೈಯದೊಂದು, ಬಲಗೈಯದೊಂದು ಎಂದು ಎರಡು ಬಗೆ. ಎಡಗಾಲಿನ ಚಪ್ಪಲಿ, ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಸೂತ್ರಕ್ಕೆ ಇದರ ಗಂಧವೂ ಇಲ್ಲ.

ಈಗ ಟೆಲ್ಲೂರೈಟ್. ಇಲ್ಲಿಯೂ ಪ್ರತಿ ನಿಂಬೆಗೆ ನಾಲ್ಕು ಕಡಲೆ, ಹಿಂದೊಂದು ಬಲೂನು. ಆದರೆ ಜೋಡಿಸುವ ಕ್ರಮ ಬೇರೆ. ಪ್ಯಾರಾಟೆಲ್ಲೂರೈಟಿನಲ್ಲಿ ಪಕ್ಕಪಕ್ಕದ ಎರಡು ನಿಂಬೆಗಳ ನಡುವೆ ಒಂದೇ ಕಡಲೆ. ಟೆಲ್ಲೂರೈಟಿನಲ್ಲಿ ಎರಡು ನಿಂಬೆಗಳು ಎದುರುಬದುರು ನಿಂತು ಎರಡು ಕಡಲೆಗಳನ್ನು ಹಂಚಿಕೊಂಡಿವೆ. ಮಕ್ಕಳು ಎರಡೂ ಕೈ ಹಿಡಿದು ಗಿರಗಿಟ್ಲೆ ಆಡುವ ಹಾಗೆ. ಹೀಗೆ ಮೊದಲು ಜೋಡಿ, ಆಮೇಲೆ ಜೋಡಿಗೆ ಜೋಡಿ ಸೇರಿ ಚಾಪೆಯಂಥ ಒಂದು ಪದರ. ಎಣಿಸಿ ನೋಡಿ: ಒಂದು ಜೋಡಿಯಲ್ಲಿ ಎರಡು ನಿಂಬೆ, ಆರು ಕಡಲೆ. ನಡುವಿನ ಎರಡು ಕಡಲೆ ಪೂರ್ತಿ ಅವರದೇ. ಹೊರಗಿನ ನಾಲ್ಕು ಪಕ್ಕದ ಜೋಡಿಗಳೊಂದಿಗೆ ಅರ್ಧರ್ಧ, ಅಂದರೆ ಲೆಕ್ಕಕ್ಕೆ ಎರಡು. ಎರಡು ನಿಂಬೆಗೆ ನಾಲ್ಕು ಕಡಲೆ. ಒಂದಕ್ಕೆ ಎರಡು. ಮತ್ತೆ ಅದೇ ಸೂತ್ರ!

ಚಾಪೆಯ ಮೇಲೆ ಚಾಪೆ ಹಾಸಿದ ಹಾಗೆ ಈ ಪದರಗಳು ಕೂತಿವೆ. ಬಲೂನುಗಳೆಲ್ಲ, ಅಂದರೆ ಒಂಟಿ ಜೋಡಿಗಳೆಲ್ಲ, ಎರಡು ಚಾಪೆಗಳ ನಡುವಿನ ಸಂದಿಗೆ ಮುಖ ಮಾಡಿವೆ. ಅಲ್ಲಿ ಗಟ್ಟಿ ಬಂಧಗಳಿಲ್ಲ, ದುರ್ಬಲ ಸೆಳೆತ ಮಾತ್ರ. ಆದ್ದರಿಂದಲೇ ಟೆಲ್ಲೂರೈಟ್ ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವುದು, ಉಗುರಿಗೆ ಸೋಲುವುದು. ಕಣ್ಣಿಗೆ ಕಾಣುವ ಗುಣದ ಕಾರಣ ಕಣ್ಣಿಗೆ ಕಾಣದ ಜೋಡಣೆಯಲ್ಲಿದೆ.

ಇದನ್ನೆಲ್ಲ ಯಾರು ಇಣುಕಿ ನೋಡಿದರು? ಎಕ್ಸ್-ಕಿರಣ ನೋಡಿತು. 1912ರಲ್ಲಿ ಜರ್ಮನಿಯಲ್ಲಿ ಲೌಎ ಎಂಬಾತ ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿದರೆ ಚುಕ್ಕಿಗಳ ರಂಗೋಲಿ ಬೀಳುತ್ತದೆ ಎಂದು ತೋರಿಸಿಕೊಟ್ಟ. ಆ ಚುಕ್ಕಿಗಳಿಂದ ಪರಮಾಣುಗಳ ಜಾಗವನ್ನು ಲೆಕ್ಕ ಹಾಕುವುದನ್ನು ಕಲಿಸಿದವರು ಇಂಗ್ಲೆಂಡಿನ ಬ್ರ್ಯಾಗ್ ಎಂಬ ಅಪ್ಪ-ಮಗ. 1915ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂದಾಗ ಮಗನಿಗೆ 25 ವರ್ಷ. ಸೂತ್ರವೆಂಬ ಒಟ್ಟು ಮೊತ್ತದಿಂದ ಒಳಗಿನ ಹಾಳೆಗಳಿಗೆ ದಾರಿ ತೆರೆದದ್ದು ಹೀಗೆ.

ಟೆಲ್ಲೂರಿಯಂ ಮನಸ್ಸು ಮಾಡಿದರೆ ಆ ಒಂಟಿ ಜೋಡಿಯನ್ನೂ ವ್ಯವಹಾರಕ್ಕೆ ಇಳಿಸಬಲ್ಲದು. ಆಗ ಆರಕ್ಕೆ ಆರೂ ಹೊರಗೆ, ಬಲೂನು ಮಾಯ. ಸುತ್ತಲೂ ಆರು ಆಕ್ಸಿಜನ್‌ಗಳು ಹೆಚ್ಚುಕಡಿಮೆ ಸಮದೂರದಲ್ಲಿ, ಸುಮಾರು 1.9 ಆಂಗ್‌ಸ್ಟ್ರಾಂಗೆ, ಶಿಸ್ತಾಗಿ ನಿಲ್ಲುತ್ತವೆ. ಒಬ್ಬೊಬ್ಬರಿಗೆ ಒಂದೊಂದು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಆಟೋ ಬೆಟ್ಟದಲ್ಲಿ ಇಂಥ ಖನಿಜಗಳು ಹಲವು ಸಿಕ್ಕಿವೆ. ಸೀಸ ಸೇರಿದ ಒಂದು ಹಳದಿ ಖನಿಜಕ್ಕೆ ಬೆಟ್ಟದ ಹೆಸರನ್ನೇ ಇಟ್ಟು 2010ರಲ್ಲಿ ಆಟೋಐಟ್ ಎಂದರು. ಇನ್ನು ಮೆಕ್ಸಿಕೋದ ಅದೇ ಸೊನೋರಾ ಪ್ರಾಂತದ ಮೊಕ್ತೆಸೂಮಾ ಗಣಿಯ ಜೆಮನ್ನೈಟ್ ಎಂಬ ಹರಳಿನಲ್ಲಿ ಟೆಲ್ಲೂರಿಯಂಗೆ ಮೂರೇ ಆಕ್ಸಿಜನ್. ಆರು ಮೂಲೆಯ ಸಣ್ಣ ಕಡ್ಡಿಯಂಥ ಈ ಹರಳಿನೊಳಗೆ ಉದ್ದಕ್ಕೂ ಕೊಳವೆಗಳಿವೆ. ಒಂಟಿ ಜೋಡಿಗಳು ಕೊಳವೆಯ ಒಳಕ್ಕೆ ಮುಖ ಮಾಡಿವೆ, ಕೊಳವೆಯಲ್ಲಿ ನೀರಿನ ಅಣುಗಳು ಕೂತಿವೆ. ಇಷ್ಟು ಅಪರೂಪದ ಮೂಲವಸ್ತುವಿಗೆ ಇಷ್ಟೊಂದು ಬಗೆಯ ಖನಿಜಗಳು ಹೇಗೆ ಎಂದು ತಿಳಿದವರೂ ಬೆರಗಾಗುತ್ತಾರೆ. ಒಂಟಿ ಜೋಡಿಯ ಈ ಆಟವೂ ಅದಕ್ಕೊಂದು ಕಾರಣ.

"ಜೋಡಣೆ ಬೇರೆಯಾದರೆ ಆಗುವುದೇನು ತಾತ?" ಎನ್ನುವವರಿಗೆ ಒಂದು ಉದಾಹರಣೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಉಕ್ಕಿನಂಥ ಘನವಸ್ತುವಿನಲ್ಲಿ ಸಾವಿರಾರು ಮೀಟರ್. ಆದರೆ ಪ್ಯಾರಾಟೆಲ್ಲೂರೈಟಿನ ಹರಳಿನಲ್ಲಿ ಒಂದು ನಿರ್ದಿಷ್ಟ ದಿಕ್ಕಿನಲ್ಲಿ, ಅಡ್ಡಡ್ಡ ಅಲುಗುವ ಬಗೆಯ ಶಬ್ದದ ಅಲೆ ಸೆಕೆಂಡಿಗೆ ಬರೀ 616 ಮೀಟರ್ ಹೋಗುತ್ತದೆ. ಘನವಸ್ತುವಿಗೆ ಅದು ಆಮೆನಡಿಗೆ. ಆ ದಿಕ್ಕಿನಲ್ಲಿ ಬಲೆ ಅಷ್ಟು ಸುಲಭವಾಗಿ ಓರೆಯಾಗುತ್ತದೆ. ಹೀಗೆ ನಿಧಾನವಾಗಿ ಹೋಗುವ ಅಲೆ ಹರಳಿನೊಳಗೆ ಬಾಚಣಿಗೆಯ ಹಲ್ಲಿನಂತೆ ಸಾಲು ಕಟ್ಟುತ್ತದೆ, ತೂರಿ ಬರುವ ಬೆಳಕನ್ನು ಬಾಗಿಸುತ್ತದೆ. ಶಬ್ದದ ಶ್ರುತಿ ಬದಲಿಸಿದರೆ ಬೇಕಾದ ಬಣ್ಣವನ್ನು ಮಾತ್ರ ಆರಿಸಿಕೊಳ್ಳಬಹುದು. ಜರಡಿಗೆ ಅಲುಗುವ ಭಾಗಗಳೇ ಇಲ್ಲ! ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಂಥ ಹರಳುಗಳು 2003ರಲ್ಲಿ ಹೊರಟ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯಲ್ಲಿ ಮಂಗಳನ ಹತ್ತಿರ ಹೋದವು. 2021ರಲ್ಲಿ ಪರ್ಸಿವಿಯರೆನ್ಸ್ ರೋವರಿನ ಜೊತೆ ಮಂಗಳನ ನೆಲಕ್ಕೇ ಇಳಿದವು. 2023ರ ಚಂದ್ರಯಾನ-3ರಲ್ಲಿ ಲ್ಯಾಂಡರನ್ನು ಚಂದ್ರನವರೆಗೆ ಹೊತ್ತೊಯ್ದ ಘಟಕದಲ್ಲಿ ಶೇಪ್ ಎಂಬ ಉಪಕರಣವಿತ್ತಲ್ಲ, ನಮ್ಮ ಬೆಂಗಳೂರಿನಲ್ಲಿ ತಯಾರಾದದ್ದು, ಅದರಲ್ಲೂ ಶಬ್ದದಿಂದ ಬೆಳಕು ಸೋಸುವ ಇದೇ ತತ್ವದ ಜರಡಿಯಿತ್ತು. ಸೂತ್ರ ಒಂದೇ ತಾನೇ ಎಂದು ಅಲ್ಲಿ ಹಾಳೆಹಾಳೆ ಏಳುವ ಟೆಲ್ಲೂರೈಟನ್ನು ಕೂರಿಸಿದರೆ ನಡೆಯುವುದಿಲ್ಲ.

ಇನ್ನು ಆಗಲೇ ಹೇಳುತ್ತೇನೆಂದ ಮಾತು.

1986ರಲ್ಲಿ ನಾನು ಮಂಡ್ಯದ ಕಡೆಯ ಒಂದು ಸಣ್ಣ ಶಾಖೆಯಲ್ಲಿದ್ದೆ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ, ಎಲ್ಲ ಕೈಬರಹ. ಉಳಿತಾಯ ಖಾತೆಯ ಲೆಡ್ಜರಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು, ಒಂದೇ ಊರಿನವರು. ಅವರಲ್ಲಿ ಒಬ್ಬಾಕೆ ಹಾಲಿನ ಡೇರಿಗೆ ಹಾಲು ಹಾಕಿ, ಬಂದ ದುಡ್ಡನ್ನು ಸ್ವಲ್ಪಸ್ವಲ್ಪವೇ ಕಟ್ಟುತ್ತಿದ್ದರು. ಒಂದು ದಿನ 600 ರೂಪಾಯಿ ಕಟ್ಟಿದರು. ಪಾಸ್‌ಬುಕ್ ತಂದಿರಲಿಲ್ಲ. ನಾನು ಆ ಮೊತ್ತವನ್ನು ಇನ್ನೊಬ್ಬಾಕೆಯ ಪುಟಕ್ಕೆ ಜಮಾ ಬರೆದುಬಿಟ್ಟೆ. ಸಂಜೆ ಕ್ಯಾಷ್ ತಾಳೆಯಾಯಿತು. ತಿಂಗಳ ಕೊನೆಗೆ ಲೆಡ್ಜರಿನ ಬಾಕಿಗಳನ್ನೆಲ್ಲ ಕೂಡಿದಾಗಲೂ ಒಂದು ಪೈಸೆ ಹೆಚ್ಚುಕಮ್ಮಿ ಇಲ್ಲದೆ ತಾಳೆಯಾಯಿತು. ಆಗದೆ ಏನು? ಒಬ್ಬರದು ಇನ್ನೊಬ್ಬರ ಪುಟಕ್ಕೆ ಹೋದರೂ ಒಟ್ಟು ಮೊತ್ತ ಅಷ್ಟೇ ಅಲ್ಲವೇ?

ಮೂರು ತಿಂಗಳ ಮೇಲೆ ಆಕೆ ಮಗನ ಹಾಸ್ಟೆಲ್ ಫೀಸಿಗೆಂದು ದುಡ್ಡು ತೆಗೆಯಲು ಬಂದರು. "ಅಷ್ಟು ಇಲ್ಲ" ಎಂದೆ. "ಇದೆ ಸ್ವಾಮಿ, ಉಗಾದಿ ಮುಂಚೆ ಆರುನೂರು ಕಟ್ಟಿದೀನಿ" ಎಂದರು. "ರಸೀದಿ ಎಲ್ಲಿ?" ಎಂದೆ. ಇರಲಿಲ್ಲ. ಕೌಂಟರಿನ ಮುಂದೆ ಹತ್ತಾರು ಜನ. ನಾನು ಗಟ್ಟಿಯಾಗಿಯೇ ಹೇಳಿದೆ: "ನೋಡಮ್ಮ, ನಮ್ಮ ಲೆಕ್ಕ ತಾಳೆಯಾಗಿದೆ. ತಪ್ಪು ನಿನ್ನ ಕಡೆಯೇ ಇರಬೇಕು." ಆಕೆ ಮಾತಾಡದೆ ಹೋದರು.

ಮರುದಿನ ಬಾಗಿಲು ತೆರೆಯುವ ಹೊತ್ತಿಗೇ ಬಂದು ನಿಂತಿದ್ದರು. ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದ ಚೀಟಿ ಕೈಯಲ್ಲಿತ್ತು. ಅದರ ಮೇಲೆ ಬ್ಯಾಂಕಿನ ಮೊಹರು, ಕ್ಯಾಷಿಯರ್ ಸಹಿ. ಆ ದಿನದ ವೋಚರ್ ಕಟ್ಟು ಬಿಚ್ಚಿದೆ. ಅದರಲ್ಲಿ ಆಕೆಯ ಖಾತೆಯ ನಂಬರು ಸ್ಪಷ್ಟವಾಗಿಯೇ ಇತ್ತು. ಪಕ್ಕದಲ್ಲಿ ಬೇರೆ ಪುಟದ ನಂಬರು ಬರೆದು ಸಹಿ ಹಾಕಿದ್ದವನು ನಾನು. ಅರ್ಧ ಗಂಟೆಯಲ್ಲಿ ದುಡ್ಡು ಆಕೆಯ ಕೈಗೆ ಬಂತು. "ತಪ್ಪಾಯಿತಮ್ಮ" ಎಂದೆ. ಆಕೆ ನೋಟುಗಳನ್ನು ಸೆರಗಿಗೆ ಕಟ್ಟಿಕೊಳ್ಳುತ್ತ, ಕೋಪವಿಲ್ಲದೆ, ಹೇಳಿದ್ದು ಇಷ್ಟೇ: "ದುಡ್ಡು ಸಿಕ್ತು ಬಿಡಿ ಸ್ವಾಮಿ. ನೆನ್ನೆ ಅಷ್ಟು ಜನ ನನ್ನೇ ನೋಡ್ತಿದ್ರು."

ನೆನ್ನೆಯ ಜನ ಇವತ್ತು ಅಲ್ಲಿರಲಿಲ್ಲ. ಅವರೆದುರು ಹೇಳಿದ ಮಾತನ್ನು ನಾನು ಯಾವ ಪುಟದಲ್ಲಿ ತಿದ್ದಲಿ? ಆ ಲೆಕ್ಕ ಇವತ್ತಿಗೂ ಹಾಗೇ ಉಳಿದಿದೆ.

ಹೆಸರು ಒಂದೇ, ಖಾತೆ ಎರಡು. ಸೂತ್ರ ಒಂದೇ, ಖನಿಜ ಎರಡು. ಒಟ್ಟು ಮೊತ್ತ ತಾಳೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂಬುದು ಖಂಡಿತ. ಆದರೆ ತಾಳೆಯಾದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದು ಹೇಳುವ ಹಾಗಿಲ್ಲ. ಅದನ್ನು ತಿಳಿಯಲು ಒಳಗಿನ ಪುಟ ತೆರೆದು, ಯಾರು ಯಾರ ಪಕ್ಕದಲ್ಲಿದ್ದಾರೆ, ಯಾರಿಗೆ ಎಷ್ಟು ಸಂದಿದೆ, ಲೆಕ್ಕದಲ್ಲಿ ಕಾಣದೆಯೂ ಜಾಗ ಹಿಡಿದು ಕೂತವರು ಯಾರು ಎಂದು ನೋಡಬೇಕು. 1986ರಲ್ಲಿ ಕಲಿತಿದ್ದೆ ಎಂದುಕೊಂಡಿದ್ದೆ. ಕಾರ್ಡು ಬರೆದ ಹುಡುಗಿ ನೆನಪಿಸಿಕೊಟ್ಟಳು. ಈ ಸಲವಾದರೂ, ಎಷ್ಟು ಜನರ ಮುಂದೆ ತಪ್ಪು ಹೇಳಿದ್ದೆನೋ ಅಷ್ಟೇ ಜನರ ಮುಂದೆ ತಿದ್ದಿಕೊಳ್ಳುವ ಅವಕಾಶ ಸಿಕ್ಕಿದೆ.

ಬ್ಯಾಂಕಿನಲ್ಲಿ ತಪ್ಪು ಬರೆದರೆ ರಬ್ಬರಿನಿಂದ ಅಳಿಸುವ ಹಾಗಿಲ್ಲ, ಕೆರೆದು ಅದರ ಮೇಲೇ ಬರೆಯುವ ಹಾಗೂ ಇಲ್ಲ. ತಪ್ಪು ಕಾಣುವಂತೆಯೇ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ನಾಲ್ಕು ವಾರದ ಹಿಂದಿನ ಸಂಚಿಕೆ ಮನೆಯಲ್ಲಿದ್ದರೆ ತೆಗೆಯಿರಿ ಮಕ್ಕಳೇ. "ಹಾಗಾಗಿ ಎರಡೂ ಒಂದೇ ವಸ್ತು, ಹೆಸರು ಮಾತ್ರ ಬೇರೆ" ಎಂಬ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯಿರಿ. ಮೇಲೆ ಹೀಗೆ ಬರೆಯಿರಿ: "ಸೂತ್ರ ಒಂದೇ, ಜೋಡಣೆ ಬೇರೆ, ಆದ್ದರಿಂದ ವಸ್ತುಗಳೂ ಬೇರೆ."

ಪಕ್ಕದಲ್ಲಿ ಸಹಿಗೆ ಸ್ವಲ್ಪ ಜಾಗ ಬಿಡಿ. ಎಂದಾದರೂ ಎದುರು ಸಿಕ್ಕಿದಾಗ ಸಂಚಿಕೆ ತನ್ನಿ, ಹಾಕಿಕೊಡುತ್ತೇನೆ.